ಎರಡು ಬೆರಳಿನ ಬಿಗಿ

ನಮ್ಮ ಮನೆಯಲ್ಲಿ ಯಾವ ಮುಚ್ಚಳವೂ ನನ್ನ ಕೈಗೆ ಬರುವುದಿಲ್ಲ. ಉಪ್ಪಿನಕಾಯಿ ಡಬ್ಬಿ, ತುಪ್ಪದ ಬಾಟಲಿ, ಕುಡಿಯುವ ನೀರಿನ ಕ್ಯಾನು, ಬಚ್ಚಲುಮನೆಯ ನಲ್ಲಿ, ಎಲ್ಲಕ್ಕೂ ನಮ್ಮ ಯಜಮಾನರು ಮಲಗುವ ಮುಂಚೆ ಒಂದು ಕೊನೆಯ ಸುತ್ತು ಕೊಟ್ಟಿರುತ್ತಾರೆ. ಕೋಪದಿಂದಲೋ ಜೋರಿನಿಂದಲೋ ಮಾಡುವುದಲ್ಲ ಅದು. ಪಂಚೆ ಎತ್ತಿ ಕಟ್ಟಿಕೊಂಡು ಅಡುಗೆಮನೆಗೆ ಬಂದು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಒಂದೊಂದೇ ಡಬ್ಬಿಯನ್ನು ಮುಟ್ಟಿ ನೋಡುತ್ತಾರೆ. ಮಣಿಕಟ್ಟಿನ ನರ ಒಂದು ಸಲ ಉಬ್ಬುತ್ತದೆ, ಅಷ್ಟೇ. ಆಮೇಲೆ ಆ ಡಬ್ಬಿ ಅವರದು.

ಮದುವೆಯಾಗಿ ಭೀಮನಬೀಡಿಗೆ ಬಂದ ಹೊಸದರಲ್ಲಿ ನಾನು ಕಾಫಿಪುಡಿಯ ಡಬ್ಬಿ ಹಿಡಿದುಕೊಂಡು, ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದ ಅವರ ಮುಂದೆ ಹೋಗಿ ನಿಲ್ಲುತ್ತಿದ್ದೆ. ಅವರು ಬಾಯಲ್ಲಿ ನೊರೆ ಇಟ್ಟುಕೊಂಡೇ ತೆಗೆದು ಕೊಡುತ್ತಿದ್ದರು. ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಅವರದು. ಬೆಳಗಾಗುವ ಮುಂಚೆಯೇ ಹೊರಟುಹೋಗುವ ದಿನ ಮನೆಯಲ್ಲಿ ಕಾಫಿ ಇಲ್ಲ. ಹಾಗಾಗಿ ಬೆಳಿಗ್ಗೆಗೆ ಬೇಕಾದಷ್ಟು ಪುಡಿಯನ್ನು ರಾತ್ರಿಯೇ ಒಂದು ಲೋಟಕ್ಕೆ ಹಾಕಿ, ಮೇಲೆ ತಟ್ಟೆ ಮುಚ್ಚಿಡುವುದನ್ನು ಕಲಿತೆ. ತಟ್ಟೆಗೆ ಸುತ್ತು ಕೊಡಲು ಆಗುವುದಿಲ್ಲವಲ್ಲ.

"ನಿನ್ ಗಂಡ ಬಿಗ್ದ ಮುಚ್ಚಳ ತಗಿಯಕ್ಕೆ ಯಮನೇ ಬರ್ಬೇಕು ಕಣಮ್ಮಿ," ಎನ್ನುತ್ತಿದ್ದರು ಅತ್ತೆ. "ಯಮನೂ ಕ್ವಾಣದಿಂದ ಇಳ್ದು ಎರಡ್ ಕೈಲಿ ತಿರುಗ್ಸ್‌ಬೇಕು."

ಅವರೇ ಒಂದು ದಿನ ಹುರುಳಿ ಕೇರುತ್ತಾ ಇನ್ನೊಂದು ಮಾತನ್ನೂ ಹೇಳಿದ್ದರು. ನಮ್ಮವರು ಚಿಕ್ಕವರಿದ್ದಾಗ ಎತ್ತಿನ ಗಾಡಿಯ ಚಕ್ರವನ್ನು ಅಚ್ಚಿಗೆ ಹಿಡಿದಿಡುವ ಕಡಾಣಿ ಕಳಚಿ, ಚಕ್ರ ಆಚೆ ಹೋಗಿ, ಗಾಡಿ ಮಗುಚಿ ಮಾವನವರ ಕಾಲು ಮುರಿಯಿತಂತೆ. ಅಂದು ಕಡಾಣಿ ಹಾಕಿದ್ದು ಈ ಹುಡುಗನೇ. ಯಾರೂ ಬಯ್ಯಲಿಲ್ಲವಂತೆ. "ಬೈದಿದ್ರೆ ಅವತ್ಗೇ ಮುಗ್ದೋಯ್ತಿತ್ತು," ಎಂದರು ಅತ್ತೆ, ಮೊರವನ್ನು ಒಮ್ಮೆ ಜೋರಾಗಿ ಕೊಡವಿ.

ಮಗಳು ಮೈಸೂರಿನ ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯ ಹಗಲು ಉದ್ದವಾಯಿತು. ಹಟ್ಟಿ, ಹಿತ್ತಿಲು, ಅಡುಗೆಮನೆ, ಮತ್ತೆ ಹಟ್ಟಿ. ಕಿಟಕಿಯ ಚಿಲಕವನ್ನೂ ಅವರು ಬಡಿದು ಕೂರಿಸಿರುತ್ತಿದ್ದರಿಂದ, ಗಾಜಿನ ಆಚೆಗಿರುವ ನುಗ್ಗೆಮರದಲ್ಲಿ ಹೂ ಬಿಟ್ಟಿದೆಯೆಂದು ತಿಳಿಯುತ್ತಿದ್ದದ್ದು ಕಣ್ಣಿಗೆ ಮಾತ್ರ. ವಾಸನೆ ಒಳಗೆ ಬರುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಸಿಸ್ಟರ್ ಫೋನ್ ಮಾಡಿದರು. ಚಾಮರಾಜನಗರದಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು ಅವರು. ಈಗ ವಯಸ್ಸಾಗಿದೆ, ಅಲ್ಲೇ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳ ಹಾಸ್ಟೆಲೊಂದನ್ನು ನೋಡಿಕೊಳ್ಳುತ್ತಾರೆ. ಶನಿವಾರದ ಬೆಳಿಗ್ಗೆ ಆ ಹುಡುಗಿಯರಿಗೆ ಇಂಗ್ಲಿಷ್ ಓದಿಸಲು ಯಾರಾದರೂ ಬೇಕಿತ್ತು.

"ನಿನ್ನ ಓದು ಇನ್ನೂ ನನ್ನ ಕಿವಿಯಲ್ಲಿದೆ ಮಗು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದೆ. ಬರ್ತೀಯಾ?"

ನಾನು ಗೋಡೆಗೆ ಒರಗಿ ನಿಂತು "ಬರ್ತೀನಿ ಸಿಸ್ಟರ್" ಎಂದುಬಿಟ್ಟೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎನ್ನಬೇಕಿತ್ತು. ಎನ್ನಲಿಲ್ಲ.

ತೊಂದರೆಯೊಂದಿತ್ತು. ನಮ್ಮೂರಿನ ಬಸ್ಸು ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಚಾಮರಾಜನಗರದ ಬೆಳಗಿನ ಬಸ್ಸು ಹೊರಟುಹೋಗಿರುತ್ತದೆ. ಮುಂದಿನದನ್ನು ಹಿಡಿದರೆ ತರಗತಿ ಮುಗಿಯುವ ಹೊತ್ತಿಗೆ ಹೋಗಿ ನಿಲ್ಲಬಹುದು. ಇರುವ ದಾರಿ ಒಂದೇ, ಡೈರಿಯಿಂದ ಬಂದ ಕೂಡಲೇ ಯಜಮಾನರು ಮೋಟರ್ ಬೈಕಿನಲ್ಲಿ ನನ್ನನ್ನು ಗುಂಡ್ಲುಪೇಟೆಗೆ ಬಿಡಬೇಕು. ಕೇಳಿದೆ. ಅವರು ತಟ್ಟೆಯಲ್ಲಿದ್ದ ಮುದ್ದೆಯನ್ನೇ ನೋಡುತ್ತಾ "ನೋಡನ" ಎಂದರು. ಅವರ 'ನೋಡನ'ದಲ್ಲಿ ಹೌದೂ ಇರುತ್ತದೆ, ಇಲ್ಲವೂ ಇರುತ್ತದೆ. ಯಾವುದೆಂದು ತಿಳಿಯಲು ಕಾಯಬೇಕು.

ಶುಕ್ರವಾರ ಸಂಜೆ ಅಂಗಳದಲ್ಲಿ ಗೋಣಿಚೀಲ ಹಾಸಿ, ಬೈಕಿನ ಪಕ್ಕ ಕುಳಿತುಬಿಟ್ಟಿದ್ದರು.

"ನಾಳೆ ನಿನ್ನ ಬಸ್ಸಿಗೆ ಬುಡ್ಬೇಕಲ್ಲ. ಕಾರ್ಬುರೇಟರ್ ಒಂದ್ಸಲ ತೊಳ್ದ್‌ಬುಡ್ತೀನಿ. ದಾರೀಲಿ ಕೆಮ್ಮಬಾರ್ದು."

ನನಗೆ ಎಷ್ಟು ಸಂತೋಷವಾಯಿತೆಂದರೆ, ಕೇಳದೆಯೇ ಟೀ ಮಾಡಿಕೊಂಡು ಬಂದು ಪಕ್ಕದಲ್ಲೇ ಕುಳಿತೆ. ಹಳೆಯ ಬೈಕು ಅದು, ಮಾವನವರ ಕಾಲದ್ದು. ಕಾರ್ಬುರೇಟರ್ ಎಂದರೆ ಇಂಜಿನ್ನಿಗೆ ಪೆಟ್ರೋಲನ್ನು ಅಳೆದು ಕೊಡುವ ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ. ತಳದಲ್ಲಿ ಒಂದು ಪುಟ್ಟ ಬಟ್ಟಲು, ಪೆಟ್ರೋಲು ನಿಲ್ಲುವುದು ಅದರಲ್ಲಿ. ಬಟ್ಟಲನ್ನು ಮೂರು ಸಣ್ಣ ಸ್ಕ್ರೂಗಳು ಹಿಡಿದುಕೊಂಡಿರುತ್ತವೆ. ಅವರು ಬಟ್ಟಲು ಬಿಚ್ಚಿ, ಹಳೆಯ ಬನಿಯನ್ನಿನಲ್ಲಿ ಒರೆಸಿ, ಮತ್ತೆ ಕೂರಿಸಿದರು. ಒಂದು ಸ್ಕ್ರೂ ಬಿಗಿಯಾಯಿತು. ಎರಡನೆಯದೂ ಆಯಿತು. ಮೂರನೆಯದು ಬಿಗಿದು ನಿಂತಿತು. ನಿಂತ ಮೇಲೂ ಮಣಿಕಟ್ಟಿನ ನರ ಉಬ್ಬಿತು.

ಶಬ್ದವೇನೂ ಆಗಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟವರ ಮುಖ ಹೇಗಾಗುತ್ತದೋ ಹಾಗಾಯಿತು ಅವರ ಮುಖ. ಸ್ಕ್ರೂ ಹಗುರವಾಗಿ ಸುಮ್ಮನೆ ತಿರುಗತೊಡಗಿತು. ಹೊರಕ್ಕೆ ತೆಗೆದು ನೋಡಿದರೆ ಅದರ ಮೈಗೆ ಬೆಳ್ಳಿಯ ಸರಿಗೆಯಂಥ ಸಣ್ಣ ಸುರುಳಿ ಅಂಟಿಕೊಂಡು ಬಂದಿತ್ತು. ತೂತಿನ ಒಳಗಿನ ತಿರುಪಿನ ಗೆರೆಗಳೆಲ್ಲ ಕಿತ್ತು ಬಂದಿದ್ದವು.

"ತ್ರೆಡ್ ಓಯ್ತು," ಎಂದರು. ಬಟ್ಟಲನ್ನು ಹಾಗೇ ಕೂರಿಸಿ ಪೆಟ್ರೋಲು ಬಿಟ್ಟರೆ ಆ ಮೂಲೆಯಿಂದ ತೊಟ್ಟು ತೊಟ್ಟಾಗಿ ಇಳಿಯತೊಡಗಿತು.

ಅಷ್ಟರಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಓಲೆಯ ತಿರುಪು ಸವೆದು ನಿಲ್ಲದಿದ್ದರೆ ಹೆಂಗಸರು ಏನು ಮಾಡುತ್ತಾರೆ? ಓಲೆಯ ಕಡ್ಡಿಗೆ ಹೊಲಿಗೆ ದಾರದ ಒಂದೆಳೆ ಸುತ್ತಿ ತಿರುಪು ಹಾಕುತ್ತಾರೆ. ಅತ್ತೆಯ ಬಲಗಿವಿಯ ಓಲೆ ಎಷ್ಟೋ ವರ್ಷದಿಂದ ನಿಂತಿರುವುದು ಹಾಗೆಯೇ. ಪೆಟ್ರೋಲ್ ಟ್ಯಾಂಕು ಸೋರಿದರೆ ಗಂಡಸರು ಸೋಪು ಮೆತ್ತುವುದನ್ನೂ ನೋಡಿದ್ದೆ. ಎರಡನ್ನೂ ಸೇರಿಸಿದೆ. ಸ್ಕ್ರೂವಿಗೆ ಬಿಳಿ ದಾರ ಸುತ್ತಿ, ಬಟ್ಟೆ ಸೋಪಿನ ಮೇಲೆ ಉಜ್ಜಿ, ತೂತಿಗೆ ತಿರುಗಿಸಿದೆ. ಹಿಡಿದುಕೊಂಡಿತು. ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ತೊಟ್ಟೂ ಬೀಳಲಿಲ್ಲ.

"ಪರ್ವಾಗಿಲ್ವೆ," ಎಂದರು ಯಜಮಾನರು.

"ನಿನ್ ಮೋಟ್ರಿಗೂ ಓಲೆ ಆಕ್‌ಬುಟ್ಳಲ್ಲಪ್ಪ ನನ್ ಸೊಸೆ," ಎಂದು ಜಗಲಿಯಿಂದ ನಕ್ಕರು ಅತ್ತೆ.

ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಹೊರಟೆ. ಕಿವಿಯ ಓಲೆ ಅಲುಗದೆ ಇರುತ್ತದೆ; ಇಂಜಿನ್ನು ಸುಮ್ಮನಿರುವುದಿಲ್ಲ. ಈ ವ್ಯತ್ಯಾಸ ನನಗೆ ತಿಳಿಯುವಷ್ಟರಲ್ಲಿ ಗುಂಡ್ಲುಪೇಟೆಗೆ ಇನ್ನೂ ಅರ್ಧ ದಾರಿಯಿತ್ತು. ಮೊದಲು ವಾಸನೆ ಬಂತು. ಆಮೇಲೆ ನನ್ನ ಸೀರೆಯ ಅಂಚು ತಣ್ಣಗಾಯಿತು. ಅವರು ಬೈಕು ನಿಲ್ಲಿಸಿ ಪೆಟ್ರೋಲ್ ಕಾಕು ತಿರುಗಿಸಿ ಬಂದ್ ಮಾಡಿದರು. ಸ್ಕ್ರೂ ಬಿದ್ದುಹೋಗಿತ್ತು, ದಾರದ ತುದಿ ಮಾತ್ರ ತೂತಿನಿಂದ ಹೊರಗೆ ಇಣುಕುತ್ತಿತ್ತು. ಮದುವೆಮನೆಯಲ್ಲಿ ಕಳೆದ ತಿರುಪನ್ನು ಹುಡುಕುವ ಹಾಗೆ ನಾವಿಬ್ಬರೂ ರಸ್ತೆಯ ಮೇಲೆ ಬಗ್ಗಿ ಹುಡುಕಿದೆವು. ಸಿಗಲಿಲ್ಲ. ಚೆಂಡುಹೂ ತುಂಬಿದ ಟೆಂಪೋಗಳು ನಮ್ಮನ್ನು ದಾಟಿ ಹೋದವು. ನಿಂತಲ್ಲೇ, ನನ್ನ ಬಸ್ಸು ಈಗ ನಿಲ್ದಾಣದಿಂದ ಹೊರಟಿರಬೇಕು, ಈಗ ಊರು ದಾಟಿರಬೇಕು ಎಂದು ಅಂದುಕೊಳ್ಳುತ್ತಿದ್ದೆ.

ಬೈಕನ್ನು ತಳ್ಳಿಕೊಂಡು ಗುಂಡ್ಲುಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಬೆರಳಿನಿಂದ ದಾರ ಎಳೆದು ನೋಡಿ, ನಮ್ಮವರ ಮುಖ ನೋಡಿ, ನಗು ತಡೆದುಕೊಂಡ.

"ಇದ್ಕೆ ಹೊಸಾ ಕಾರ್ಬುರೇಟ್ರೇ ಆಕ್ಬೇಕು ಅಣ್ಣ. ಇಲ್ಲಾ, ಚಾಮ್ರಾಜ್ನಗರದಲ್ಲಿ ಲೇತ್ ಅಂಗ್ಡೀಲಿ ಬುಷ್ ಒಡ್ಕೊಡ್ತಾರೆ. ನನ್ ಕೈಲಾಗೊ ಕೆಲ್ಸ ಅಲ್ಲ."

"ರಿಪೇರಿ ಮಾಡಿದ್ದು ಎಷ್ಟ್ ದಿವ್ಸ ನಿಂತದು?" ಎಂದರು ಯಜಮಾನರು. "ಅರಿಶಿನ ಬೇಯ್ಸದು ಮುಗೀಲಿ. ಮೈಸೂರಿಂದ ಹೊಸದು ತರಿಸನ."

ನಮ್ಮ ಹೊಲದ ಅರಿಶಿನ ಬೇಯಿಸುವುದು ಮುಗಿಯುವಷ್ಟರಲ್ಲಿ ಹುಡುಗಿಯರ ಪರೀಕ್ಷೆಯೇ ಬಂದಿರುತ್ತದೆ. ಸಿಸ್ಟರಿಗೆ ಫೋನ್ ಮಾಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅದೇ ಕಷ್ಟವಾಯಿತು. "ಮುಂದಿನ ಶನಿವಾರ ಬಾ. ಆಗಲೂ ಆಗದಿದ್ದರೆ ಸಂಕೋಚವಿಲ್ಲದೆ ಹೇಳಿಬಿಡು ಮಗು. ಇನ್ನೊಬ್ಬರು ಕೇಳುತ್ತಿದ್ದಾರೆ, ಅವರನ್ನೇ ಕರೆದುಕೊಳ್ಳುತ್ತೇನೆ."

ಬೈಕನ್ನು ಯಾರದೋ ಟೆಂಪೋದಲ್ಲಿ ಮನೆಗೆ ತಂದರು. ಕಾರ್ಬುರೇಟರನ್ನು ಬೈಕಿನಿಂದ ಕಳಚಿ, ಧೂಳು ಹೋಗಬಾರದೆಂದು ಖಾಲಿಯಾಗಿದ್ದ ಉಪ್ಪಿನಕಾಯಿ ಡಬ್ಬಿಯೊಳಗೆ ಇಟ್ಟು, ಮುಚ್ಚಳ ತಿರುಗಿಸಿ, ಅಟ್ಟದ ಮೇಲೆ ಇಟ್ಟರು.

ಆ ವಾರ ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ಹೊರಗೆ ಯಾವ ಬದಲಾವಣೆಯೂ ಇರಲಿಲ್ಲ. ಕಡಾಯಿಯಲ್ಲಿ ಅರಿಶಿನದ ಕೊಂಬು ಬೇಯುತ್ತಿತ್ತು, ಅದರ ಹಬೆ ಅಂಗಳ ದಾಟಿ ಅಡುಗೆಮನೆಗೂ ಬರುತ್ತಿತ್ತು. ನಾನು ಆಳುಗಳಿಗೆ ಅಡುಗೆ ಮಾಡುತ್ತಿದ್ದೆ. ಆದರೆ ಪ್ರತಿ ಸಲ ಅಟ್ಟದ ಕೆಳಗೆ ಹಾದುಹೋಗುವಾಗಲೂ ತಲೆಯ ಮೇಲೆ ಆ ಡಬ್ಬಿ ಇದೆಯೆಂಬುದು ಗೊತ್ತಿರುತ್ತಿತ್ತು. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ, ಹಳೆಯ ಖಾರದ ಕಲೆಗಳ ನಡುವೆ, ಬೂದುಬಣ್ಣದ ಆ ಲೋಹದ ಹೃದಯದಂಥದ್ದು ಕುಳಿತಿತ್ತು. ಒಮ್ಮೆ ಸ್ಟೂಲು ಹಾಕಿಕೊಂಡು ಇಳಿಸಿ, ಮುಚ್ಚಳ ತಿರುಗಿಸಿ ನೋಡಿದೆ. ಸೆರಗು ಸುತ್ತಿ ತಿರುಗಿಸಿದೆ. ಬಿಸಿನೀರು ಹೊಯ್ದೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅಂಗೈಯಲ್ಲಿ ಮುಚ್ಚಳದ ಹಲ್ಲುಗಳ ಗುರುತು ಕೆಂಪಗೆ ಮೂಡಿತು. ಅಲ್ಲೇ ನೆಲದ ಮೇಲೆ ಕುಳಿತು, ಎಷ್ಟೋ ಕಾಲದ ಮೇಲೆ, ಅತ್ತುಬಿಟ್ಟೆ.

ನಮ್ಮತ್ತೆ ಬಾಗಿಲಲ್ಲಿ ನಿಂತಿದ್ದರು. ಸಮಾಧಾನದ ಮಾತೇನೂ ಆಡಲಿಲ್ಲ.

"ಅತ್ರೆ ಮುಚ್ಚಳ ಬಂದದಾ? ಡಬ್ಬೀ ಸಮೇತ ಆ ಲೇತ್ ಅಂಗ್ಡಿಗೆ ತಕ್ಕೊಂಡ್ ಓಗು. ಅವ್ನು ನಾಳೆ ಡೈರಿ ಮೀಟಿಂಗು ಅಂತ ಸಂಜೆಗಂಟ ಬರಕ್ಕಿಲ್ಲ."

"ಕೇಳಿದ್ರೆ ಏನು ಹೇಳೋದು ಅತ್ತೆ?"

"ನನ್ ಓಲೆ ತಿರುಪು ಸವ್ದದೆ, ಮಾಡ್ಸಕ್ಕೆ ಕಳ್ಸಿದ್ದೆ ಅಂತೀನಿ ಬುಡು."

ಮರುದಿನ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ನಮ್ಮೂರಿನ ಬಸ್ಸಿನಲ್ಲಿ ಗುಂಡ್ಲುಪೇಟೆಗೆ, ಅಲ್ಲಿಂದ ಚಾಮರಾಜನಗರದ ಬಸ್ಸಿಗೆ ಹತ್ತಿದೆ. ಅಂದು ಹೊತ್ತಿನ ಅವಸರವಿರಲಿಲ್ಲ. ನನ್ನ ಪಕ್ಕದ ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ತೆರಕಣಾಂಬಿ ಇನ್ನೂ ಬಂದಿರಲಿಲ್ಲ, ಪಕ್ಕದಲ್ಲಿ ಕುಳಿತಿದ್ದ ಮುದುಕಿ ಮೂಗು ಎತ್ತಿ ಆಘ್ರಾಣಿಸಿದಳು.

"ಏನವ್ವ, ಪೆಟ್ರೋಲ್ ವಾಸ್ನೆ ಬತ್ತಾ ಅದೆ?"

ಕಂಡಕ್ಟರ್ ಕಿವಿ ಚುರುಕು. "ಯಾರಮ್ಮ ಪೆಟ್ರೋಲ್ ತಂದಿರದು? ಬಸ್ಸಲ್ಲಿ ತರಂಗಿಲ್ಲ, ಇಳೀಬೇಕಾಯ್ತದೆ."

ನಾನು ಗಾಬರಿಯಿಂದ ಡಬ್ಬಿ ತೆಗೆದು ತೋರಿಸಿದೆ. "ಪೆಟ್ರೋಲ್ ಇಲ್ಲ ಸಾರ್. ಕಾರ್ಬುರೇಟರ್. ಒರೆಸಿಟ್ಟಿದ್ದಾರೆ."

"ಮುಚ್ಚಳ ತಗೀರಿ, ನೋಡ್ತೀನಿ."

"ತೆಗೆಯೋಕೆ ಬರಲ್ಲ."

ಅವನು ಟಿಕೆಟ್ ಮಿಷನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾನೇ ತಿರುಗಿಸಿದ. ಮುಖ ಕೆಂಪಾಯಿತು. ಹಿಂದಿನ ಸೀಟಿನವನಿಗೆ ಕೊಟ್ಟ. ಅವನು ಮೀಸೆ ತೀಡಿಕೊಂಡು ತೊಡೆಯ ಮಧ್ಯೆ ಇಟ್ಟು ತಿರುಗಿಸಿದ.

"ಏನಕ್ಕ, ಇದ್ಕೇನ್ ವೆಲ್ಡಿಂಗ್ ಒಡ್ಸಿದ್ದೀರಾ?"

"ಬುಡ್ಲಾ, ನಿನ್ ಕೈಲಾಗಕ್ಕಿಲ್ಲ," ಎಂದು ಇನ್ನೊಬ್ಬ ಕಿತ್ತುಕೊಂಡ. ಡಬ್ಬಿ ಹಿಂದಿನ ಸೀಟಿನವರೆಗೂ ಹೋಗಿ ಬಂತು. ಕೊನೆಗೆ ಕಂಡಕ್ಟರ್ ಅದನ್ನು ನನ್ನ ಮಡಿಲಲ್ಲಿ ಇಟ್ಟು, "ಇದ್ರಿಂದ ವಾಸ್ನೆ ಈಚ್ಗೆ ಬಂದ್ರೇ ದೊಡ್ಡದು. ನಿಮ್ ಸೀರೇದಿರ್ಬೇಕು," ಎಂದು ಮುಂದೆ ಹೋದ. ನಿಜ. ಅದು ಹಿಂದಿನ ಶನಿವಾರದ ಸೀರೆ. ಒಗೆದಿದ್ದರೂ ಅಂಚಿನಲ್ಲಿ ಉಳಿದುಕೊಂಡಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ, ಈ ಬಸ್ಸಿನಲ್ಲಿ ನಮ್ಮವರ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ತಲೆಗಳನ್ನು ಲೆಕ್ಕ ಹಾಕುತ್ತಿದ್ದೆ.

ಲೇತ್ ಅಂಗಡಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಅರಿಶಿನದ ಮಂಡಿಯೊಂದರ ಹಿಂಭಾಗದಲ್ಲಿತ್ತು. ಅಂಗಡಿಯವರು ನಡುವಯಸ್ಸಿನವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು.

"ಏನಮ್ಮ, ಉಪ್ಪಿನ್ಕಾಯಿ ಡಬ್ಬಿ ತಗ್ಸಕ್ಕೆ ಲೇತ್ ಅಂಗ್ಡಿಗಂಟ ಬಂದ್ರಾ?"

"ಒಳಗೆ ಕಾರ್ಬುರೇಟರ್ ಇದೆ ಅಣ್ಣ."

"ಬೈಕೆಲ್ಲಿ?"

"ಊರಲ್ಲಿ."

"ಬೈಕ್ ಊರಲ್ಲಿ, ಕಾರ್ಬುರೇಟ್ರು ಬಸ್ಸಲ್ಲಿ! ಅದ್ಕೂ ಟಿಕೆಟ್ ತಗಂಡ್ರಾ?"

ರಬ್ಬರ್ ಟ್ಯೂಬಿನ ತುಂಡನ್ನು ಮುಚ್ಚಳಕ್ಕೆ ಸುತ್ತಿ, ಮೇಜಿಗೆ ಬಿಗಿದಿದ್ದ ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದರು. ಕಿರ್ರ್ ಎಂದು ಬಂತು. ನನಗೆ ಯಾಕೋ ಎದೆಯೊಳಗಿನಿಂದ ಉಸಿರು ಹೊರಬಂತು. ಅವರು ತೂತಿನೊಳಗೆ ಗುಂಡುಸೂಜಿ ಹಾಕಿ ಏನನ್ನೋ ಎಳೆದರು.

"ಇದೇನ್ ದಾರ? ಕಾರ್ಬುರೇಟ್ರಿಗೆ ಹೊಲ್ಗೆ ಆಕಿರೋ ಪುಣ್ಯಾತ್ಮ ಯಾರು?"

"ನಾನೇ."

"ಬಿಗಿ ಮಾಡಿ ಕಿತ್ತೋರು?"

"ನಮ್ಮ ಯಜಮಾನರು."

"ಸರೋಯ್ತು. ಒಬ್ರು ಕೀಳೋದು, ಒಬ್ರು ಹೊಲ್ಯೋದು." ಬೆಳಕಿಗೆ ಹಿಡಿದು ನೋಡಿದರು. ನಗು ನಿಂತಿತು. "ಗೋಡೆ ತೆಳ್ಳಗದೆ ಕಣಮ್ಮ. ತೂತು ದೊಡ್ಡದ್ ಮಾಡಿ ಹಿತ್ತಾಳೆ ಬುಷ್ ಕೂರಿಸ್ತೀನಿ. ಸೀಳಿದ್ರೆ ನನ್ನ ಕೇಳ್ಬೇಡಿ."

ಸೀಳಿದರೆ ಎಲ್ಲವೂ ಅಲ್ಲಿಗೆ ಮುಗಿಯಿತು. "ಮಾಡಿ," ಎಂದೆ.

ಬಣ್ಣದ ಖಾಲಿ ಡ್ರಮ್ಮಿನ ಮೇಲೆ ಕುಳಿತು ನೋಡಿದೆ. ಲೋಹ ಕಡೆಯುವ ಲೇತ್ ಯಂತ್ರ ತಿರುಗತೊಡಗಿತು. ಹಿತ್ತಾಳೆಯ ಸಣ್ಣ ಕಡ್ಡಿಯಿಂದ ಚಿನ್ನದ ಬಣ್ಣದ ಸುರುಳಿಗಳು ಬಿಚ್ಚಿಕೊಂಡು ನೆಲಕ್ಕೆ ಬಿದ್ದವು. ಮಂಡಿಯ ಕಡೆಯಿಂದ ಅರಿಶಿನದ ಧೂಳು ತೇಲಿಬರುತ್ತಿತ್ತು. ಎರಡೂ ಒಂದೇ ಬಣ್ಣ. ಅವರು ಕಾರ್ಬುರೇಟರಿನ ತೂತನ್ನು ಡ್ರಿಲ್ಲಿನಿಂದ ಸ್ವಲ್ಪ ಸ್ವಲ್ಪವೇ ಅಗಲ ಮಾಡಿದರು. ಆಮೇಲೆ ಟ್ಯಾಪು ಎಂಬ, ಗೆರೆ ಕೊರೆಯುವ ಉಕ್ಕಿನ ಕಡ್ಡಿಯನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಒಂದು ತೊಟ್ಟು ಎಣ್ಣೆ, ಮತ್ತೆ ಅರ್ಧ ಸುತ್ತು ಮುಂದಕ್ಕೆ, ಹೀಗೆ ತಿರುಗಿಸಿದರು. ಪ್ರತಿ ಸಲ ಮುಂದಕ್ಕೆ ಹೋದಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಸೀಳಲಿಲ್ಲ. ಅಗಲವಾದ ತೂತಿಗೆ ಹಿತ್ತಾಳೆಯ ಪುಟ್ಟ ಕೊಳವೆಯನ್ನು ಅಂಟು ಹಚ್ಚಿ ತಿರುಗಿಸಿ ಕೂರಿಸಿದರು. ಆ ಕೊಳವೆಯ ಒಳಗೆ ಮೊದಲಿನ ಅಳತೆಯ ಗೆರೆಗಳು ಹೊಳೆಯುತ್ತಿದ್ದವು.

ಅಂಟು ಒಣಗುವವರೆಗೂ ಕಾದು, ತಗಡಿನ ಡಬ್ಬಿಯಿಂದ ಒಂದು ಸ್ಕ್ರೂ ಹುಡುಕಿ ನನ್ನ ಕೈಗೇ ಕೊಟ್ಟರು.

"ನೀವೇ ಆಕಿ ನೋಡಿ. ಸ್ಕ್ರೂಡ್ರೈವರ್ನ ಎಬ್ಬೆಟ್ಟು, ತೋರ್ಬೆರಳು, ಈ ಎರಡ್ ಬೆರಳಲ್ಲಿ ಇಡ್ಕಳಿ. ಅಂಗೈ ತರಬ್ಯಾಡಿ."

ಎರಡು ಬೆರಳಿನಲ್ಲಿ ತಿರುಗಿಸಿದೆ. ಸ್ಕ್ರೂ ನುಣ್ಣಗೆ ಇಳಿಯಿತು. ಒಂದು ಕಡೆ ತಾನಾಗಿಯೇ ನಿಂತಿತು.

"ಅಷ್ಟೇ. ಬುಟ್ಬುಡಿ. ಯಜಮಾನ್ರಿಗೂ ಇಂಗೇ ಹೇಳಿ."

"ಅವರಿಗೆ ಹೇಳೋದು ಕಷ್ಟ ಅಣ್ಣ."

ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು. "ಕಷ್ಟ ಆದ್ರೂ ಹೇಳ್ಬೇಕು. ಇನ್ನೊಂದ್ ಬುಷ್ ಕೂರ್ಸಕ್ಕೆ ಇಲ್ಲಿ ಜಾಗ ಇಲ್ಲ."

ಮನೆಗೆ ಬಂದಾಗ ಯಜಮಾನರು ಆಗಲೇ ಬಂದು ಜಗಲಿಯ ಮೇಲೆ ಕುಳಿತಿದ್ದರು. ಒಳಗೆ ಅಟ್ಟದ ಕೆಳಗೆ ಸ್ಟೂಲು ನಿಂತಿತ್ತು.

"ಎಲ್ಲಿಗ್ ಓಗಿದ್ದೆ?"

ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಹೇಳಿದರು. "ನಾನೇ ಕಳ್ಸಿದ್ದೆ. ಓಲೆ ತಿರುಪು ಮಾಡ್ಸಕ್ಕೆ."

"ನಿನ್ ಓಲೆ ಕಿವೀಲೇ ಅದಲ್ಲವ್ವ?"

ಅತ್ತೆ ಕಿವಿ ಮುಟ್ಟಿ ನೋಡಿಕೊಂಡರು. "ಅದ್ಕೇ ಮತ್ತೆ, ಬಿರ್ರನೆ ಬಂದ್ಲು."

ಅವರು ನಗಲಿಲ್ಲ. ನಾನು ಚೀಲದಿಂದ ಡಬ್ಬಿ ತೆಗೆದು ಅವರ ಮುಂದೆ ಇಟ್ಟೆ. ಮುಚ್ಚಳ ಬರೀ ಮೇಲೆ ಕೂತಿತ್ತು, ಮುಟ್ಟಿದರೆ ಬರುವಂತಿತ್ತು. ಅದನ್ನೇ ಬಹಳ ಹೊತ್ತು ನೋಡಿದರು. ಕಾರ್ಬುರೇಟರ್ ತೆಗೆದು ಹಿತ್ತಾಳೆಯ ಉಂಗುರದ ಮೇಲೆ ಬೆರಳಾಡಿಸಿದರು. ಕೆಲಸ ಚೆನ್ನಾಗಿದೆಯೆಂದು ಅವರಿಗೆ ಗೊತ್ತಾಯಿತು, ಹೇಳಲಿಲ್ಲ. "ಒಬ್ಳೇ ಓಗಿದ್ದಾ?" ಎಂದಷ್ಟೇ ಕೇಳಿ ಎದ್ದು ಹಟ್ಟಿಗೆ ಹೋದರು.

ಶುಕ್ರವಾರ ಸಂಜೆಯವರೆಗೂ ಆ ಮಾತು ಬರಲಿಲ್ಲ. ನಾನೂ ಕೇಳಲಿಲ್ಲ, ಕೇಳಿದರೆ 'ನೋಡನ' ಬರುತ್ತಿತ್ತು. ಸಂಜೆ ಅಂಗಳದಲ್ಲಿ ಗೋಣಿಚೀಲ ಹಾಸುವ ಸದ್ದು ಕೇಳಿ, ಮಾಡುತ್ತಿದ್ದ ಸಾರನ್ನು ಹಾಗೇ ಬಿಟ್ಟು ಹೊರಗೆ ಓಡಿದೆ. ಬಟ್ಟಲು ಕೂರಿಸಿ, ಎರಡು ಸ್ಕ್ರೂಗಳನ್ನು ಅವರು ಆಗಲೇ ಹಾಕಿ ಮುಗಿಸಿದ್ದರು. ಹಿತ್ತಾಳೆಯದು ಉಳಿದಿತ್ತು. ನಾನು ಅದರ ಮೇಲೆ ಕೈ ಅಡ್ಡ ಇಟ್ಟೆ.

"ಇದು ನಾನು ಹಾಕ್ತೀನಿ ರೀ."

"ನಿಂಗೇನ್ ಗೊತ್ತು?"

"ಎರಡೇ ಬೆರಳಲ್ಲಿ ಹಾಕಬೇಕಂತೆ. ನಿಂತ ಕಡೆ ಬಿಡಬೇಕಂತೆ. ಇನ್ನೊಂದು ಸಲ ಕಿತ್ತರೆ ಮಾಡೋಕೆ ಜಾಗ ಇಲ್ಲವಂತೆ."

"ಲೂಸಾಗ್ ಬಿದ್ರೆ? ದಾರೀಲಿ ಪೆಟ್ರೋಲ್ ಇಂಜಿನ್ ಮೇಲ್ ಸುರ್ದು ಬೆಂಕಿ ಅತ್ಕಂಡ್ರೆ? ಇಂದೆ ನೀನ್ ಕುಂತಿರ್ತೀಯ." ಅವರ ಧ್ವನಿ ನಡುಗಿತು. ಇಷ್ಟು ವರ್ಷ ಅವರ ಕೈ ನೋಡುತ್ತಿದ್ದೆನೇ ಹೊರತು ಆ ಧ್ವನಿ ಕೇಳಿರಲಿಲ್ಲ. ಗಾಡಿ ಮಗುಚಿದ್ದನ್ನು ಅವರು ಇನ್ನೂ ನೋಡುತ್ತಲೇ ಇದ್ದರೇನೋ. ಆದರೂ ನಾನು ಕೈ ತೆಗೆಯಲಿಲ್ಲ. ತೆಗೆದಿದ್ದರೆ 'ಪಾಪ' ಎಂದುಕೊಂಡೇ ಉಳಿದ ಶನಿವಾರಗಳನ್ನೆಲ್ಲ ಆ ಅಟ್ಟದ ಕೆಳಗೆ ಕಳೆಯಬೇಕಿತ್ತು.

ಅವರು ಹಿಂದಕ್ಕೆ ಸರಿದು ಕುಕ್ಕರಗಾಲಿನಲ್ಲಿ ಕುಳಿತರು. ನಾನು ಹಾಕಿದೆ. ಸ್ಕ್ರೂ ಇಳಿಯಿತು, ನಿಂತಿತು. ಬೆರಳು ಬಿಟ್ಟೆ.

"ಒಂದ್ ಸುತ್ತು," ಎಂದರು, ಕೈ ಚಾಚಿ.

"ಬೇಡ."

"ಅರ್ಧ."

"ಬೇಡಾರೀ."

"ಕಾಲ್ ಸುತ್ತು?"

"ಸಂತೇಲಿ ಬದ್ನೇಕಾಯ್ ಚೌಕಾಸಿ ಮಾಡ್ದಂಗ್ ಮಾಡ್ತಾನಲ್ಲ," ಎಂದರು ಅತ್ತೆ ಜಗಲಿಯಿಂದ. "ಬುಡ್ಲಾ ಅತ್ಲಾಗಿ."

ಪೆಟ್ರೋಲ್ ಕಾಕು ತೆಗೆದು, ಕೆಳಗೆ ಪೇಪರ್ ಹಾಸಿ ಕಾದೆವು. ಪೇಪರು ಒಣಗಿಯೇ ಇತ್ತು. ನಾನು ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿ ದಿಂಬಿನ ಕೆಳಗೆ ಇಟ್ಟುಕೊಂಡೆ. ಸಾರು ತಳ ಹಿಡಿದಿತ್ತು. ಅದನ್ನೇ ಎಲ್ಲರೂ ಉಂಡೆವು. ಮಲಗುವ ಮುಂಚೆ ಅವರು ಡಬ್ಬಿಗಳನ್ನೆಲ್ಲ ಮುಟ್ಟಿ ಬಂದು, ಅಂಗಳಕ್ಕೂ ಒಮ್ಮೆ ಹೋಗಿ ಬಂದರು. ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು.

ಶನಿವಾರ ಬೈಕಿನಲ್ಲಿ ಗುಂಡ್ಲುಪೇಟೆಗೆ ಹೊರಟೆವು. ಪ್ರತಿ ಹಂಪಿನಲ್ಲೂ ನಾನು ಸೀರೆಯ ಅಂಚು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಿಲ್ದಾಣದಲ್ಲಿ ಅವರು ಬೈಕು ನಿಲ್ಲಿಸಿ, ಬಗ್ಗಿ, ಬಟ್ಟಲಿನ ತಳ ಸವರಿ, ಒಣ ಬೆರಳನ್ನು ನನಗೆ ತೋರಿಸಿದರು. ಚಾಮರಾಜನಗರದ ಬಸ್ಸು ಇನ್ನೂ ನಿಂತಿತ್ತು. ಊಟದ ಡಬ್ಬಿಯನ್ನು ಕೈಗೆ ಕೊಡುವಾಗ, "ಸಾರು ಚೆಲ್ಲಬಾರ್ದು," ಎಂದು ಮುಚ್ಚಳಕ್ಕೆ ಒಂದು ಸುತ್ತು ಕೊಟ್ಟರು.

ಹುಡುಗಿಯರು ಚಾಪೆಯ ಮೇಲೆ ಎರಡು ಸಾಲಾಗಿ ಕುಳಿತಿದ್ದರು. ನಾನು ಒಂದು ವಾಕ್ಯ ಓದಿದರೆ ಅವರೂ ಓದುತ್ತಿದ್ದರು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದನ್ನು ಹೇಳಿಕೊಟ್ಟೆ. ಸಿಸ್ಟರ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ತರಗತಿ ಮುಗಿದ ಮೇಲೆ, "ಇನ್ನೊಬ್ಬರಿಗೆ ಬೇಡವೆಂದು ಹೇಳಿಬಿಡಲೇ?" ಎಂದರು. "ಹೇಳಿಬಿಡಿ ಸಿಸ್ಟರ್," ಎಂದೆ.

ಮಧ್ಯಾಹ್ನ ವರಾಂಡದಲ್ಲಿ ಕುಳಿತು ಊಟದ ಡಬ್ಬಿ ತೆಗೆಯಲು ಹೋದೆ. ಬರಲಿಲ್ಲ. ಸೆರಗು ಸುತ್ತಿದೆ, ಕಂಬದ ಅಂಚಿಗೆ ತಟ್ಟಿದೆ. ಬರಲೇ ಇಲ್ಲ. ಯಾರನ್ನಾದರೂ ಕರೆದು ತೆಗೆಸಬಹುದಿತ್ತು. ಅಷ್ಟು ಚೆನ್ನಾಗಿ ಕಳೆದ ಬೆಳಗಿನ ಮೇಲೆ ಅದನ್ನು ಯಾರ ಮುಂದೂ ಹಿಡಿಯಬೇಕೆನಿಸಲಿಲ್ಲ. ನೀರು ಕುಡಿದು ಬಸ್ಸು ಹತ್ತಿದೆ.

ಗುಂಡ್ಲುಪೇಟೆಯಲ್ಲಿ ಅವರು ಬೈಕಿಗೆ ಒರಗಿ ನಿಂತಿದ್ದರು. ಚೀಲ ತೆಗೆದುಕೊಂಡವರೇ ಅದರ ತೂಕ ನೋಡಿದರು.

"ಊಟ ಮಾಡ್ನಿಲ್ವಾ?"

"ಮುಚ್ಚಳ ಬರಲಿಲ್ಲ."

ಅವರು ಅಲ್ಲೇ ಡಬ್ಬಿ ತೆಗೆದು ಒಂದೇ ಸಲಕ್ಕೆ ತಿರುಗಿಸಿದರು. ಬಸ್ಸುಗಳ ಹೊಗೆಯ ನಡುವೆ, ತಣ್ಣಗಾದ ಅನ್ನ ಸಾರನ್ನು ನಾನು ನಿಂತುಕೊಂಡೇ ತಿಂದೆ. ಅಷ್ಟು ಹೊತ್ತೂ ಅವರು ಮುಚ್ಚಳವನ್ನು ಅಂಗೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು. ತಿಂದಾದ ಮೇಲೆ ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಅಭ್ಯಾಸದಂತೆ ಬಿಗಿದರು.

ಆ ಹಿತ್ತಾಳೆಯ ಬುಷ್ಶು ಇನ್ನೂ ನಿಂತಿದೆ. ಬಟ್ಟಲು ತೊಳೆಯುವುದು ಅವರು, ಮೂರನೆಯ ಸ್ಕ್ರೂ ಹಾಕುವುದು ನಾನು. ಶನಿವಾರದ ಊಟವನ್ನು ಈಗ ಬಾಳೆಎಲೆ ಬಾಡಿಸಿ, ಪೊಟ್ಟಣ ಮಾಡಿ, ಹೊಲಿಗೆ ದಾರದಲ್ಲಿ ಕಟ್ಟಿಕೊಳ್ಳುತ್ತೇನೆ. ಹೊರಡುವ ಮುಂಚೆ ಅವರು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡುತ್ತಾರೆ. ತಿರುಗಿಸಲು ಏನೂ ಸಿಗುವುದಿಲ್ಲ. ಗಂಟನ್ನೊಮ್ಮೆ ಮುಟ್ಟಿ ಹಾಗೇ ನನಗೆ ಕೊಡುತ್ತಾರೆ.

ಕಾಫಿಪುಡಿಯನ್ನು ಮಾತ್ರ ಈಗಲೂ ರಾತ್ರಿಯೇ ಲೋಟಕ್ಕೆ ಹಾಕಿಟ್ಟುಕೊಳ್ಳುತ್ತೇನೆ.